ಮಾಮಾ ಮತ್ತು ಮುಂದಿನ ಪುಟ

ಕಂಪ್ಯೂಟರಿನ ಸಹಾಯ ಪುಟಗಳನ್ನು ಒಂದನೇ ಪುಟದಿಂದ ಕೊನೆಯ ಪುಟದವರೆಗೆ, ಒಂದಕ್ಷರ ಬಿಡದೆ ಓದಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ ಇದ್ದಾನೆ. ಅವನು ಗಜೇಂದ್ರಗಡದಲ್ಲಿದ್ದಾನೆ ಮತ್ತು ಅವನು ನನ್ನ ಸೋದರಮಾವ! ಬೇಕಾದರೆ ಪಂದ್ಯ ಕಟ್ಟಿ. ಆ ಪುಟಗಳನ್ನು ಬರೆದವರೂ ಹಾಗೆ ಓದಿರುವುದಿಲ್ಲ. ಇಷ್ಟು ಧೈರ್ಯವಾಗಿ ಹೇಳುತ್ತೇನೆ, ಏಕೆಂದರೆ ಬರೆದವಳು ನಾನೇ.

ನರಗುಂದದ ನಮ್ಮ ಮನೆಯಲ್ಲಿ ಕುಳಿತು ಸಾಫ್ಟ್‌ವೇರುಗಳ ಸಹಾಯ ಪುಟಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಇಲ್ಲಿ ಒತ್ತಿ, ಅಲ್ಲಿ ಒತ್ತಿ, ಉಳಿಸಿ, ಅಳಿಸಿ, ಇಂಥ ಸಾಹಿತ್ಯ. ಇದನ್ನು ಯಾರಾದರೂ ಕುಳಿತು ಓದುತ್ತಾರೆಯೇ? ಕೆಲಸಕ್ಕೆ ಅಡ್ಡಿಯಾದಾಗ ಮೇಲಿನ ಹುಡುಕು ಡಬ್ಬಿಯಲ್ಲಿ ಒಂದು ಶಬ್ದ ಟೈಪು ಮಾಡುತ್ತಾರೆ, ಎರಡು ಸಾಲು ನೋಡುತ್ತಾರೆ, ಬರೆದವರಿಗೆ ಎರಡು ಮಾತು ಬೈದು ಹೋಗುತ್ತಾರೆ. ನಾನೂ ಬೇರೆಯವರ ಪುಟಗಳನ್ನು ಹಾಗೆಯೇ ಓದುವುದು. ಬೈಯುವುದರಲ್ಲಿ ಮಾತ್ರ ಸ್ವಲ್ಪ ಹೆಚ್ಚು.

ನಮ್ಮ ಮಾಮಾ ಹಾಗಲ್ಲ. ಲಗ್ನಪತ್ರಿಕೆ ಬಂದರೆ ಮೇಲಿನ ದೇವರಿಂದ ಶುರುಮಾಡಿ ಕೆಳಗಿನ ಪ್ರಿಂಟಿಂಗ್ ಪ್ರೆಸ್ಸಿನ ಹೆಸರಿನವರೆಗೆ ಓದುತ್ತಾನೆ. ಅಷ್ಟರೊಳಗೆ ಅತ್ತೆ ಲಗ್ನಕ್ಕೆ ಹೋಗಿ ಊಟ ಮಾಡಿ ಬಂದಿರುತ್ತಾಳೆ! ಒಮ್ಮೆ ನಾನೂ ಅವನೂ ನರಗುಂದದ ಬಸ್ಸು ಹಿಡಿಯಲು ರೋಣದ ಬಸ್‌ಸ್ಟ್ಯಾಂಡಿಗೆ ಬಂದೆವು. ನಾನು ನೀರು ಕುಡಿದು ಬರುವಷ್ಟರಲ್ಲಿ ಮಾಮಾ ಬಸ್ಸು ಹೋಗುವ ಊರುಗಳ ಹೆಸರು ಬರೆದ ಮೊದಲನೇ ಹಲಗೆಯ ಮುಂದೆ ನಿಂತು ಓದತೊಡಗಿದ್ದ. ಅದಾದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ನರಗುಂದದ ಬಸ್ಸು ಕೊನೆಯ ಹಲಗೆಯ ಎದುರಿನಿಂದ ಹೊರಟು ನಮ್ಮ ಕಣ್ಣ ಮುಂದೆಯೇ ಹೋಯಿತು.

"ಯಾರನ್ನರೆ ಕೇಳಿದ್ರ ಮುಗೀತಿತ್ತಲ್ಲ ಮಾಮಾ," ಎಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು.

"ಯಾರೋ ಪುಣ್ಯಾತ್ಮ ಕುಂತು ಇಷ್ಟು ದುಂಡಗ ಬರದಾನ. ಅದನ್ನ ಬಿಟ್ಟು ಇನ್ನೊಬ್ಬರನ್ನ ಕೇಳಿದ್ರ ಬರದಾವಗ ಹ್ಯಾಂಗ ಅನಸ್ತೈತಿ?"

"ಅವಾ ಇಲ್ಲಿ ನಿಂತು ನೋಡಾಕತ್ತಾನೇನು?"

"ನೋಡ್ಲಿಲ್ಲಂದ್ರ ಓದಬಾರದೇನು?"

ಮುಂದಿನ ಬಸ್ಸಿಗೆ ಒಂದು ತಾಸು ಇತ್ತು. ಮಾಮಾ ಅಷ್ಟರಲ್ಲಿ ಉಳಿದ ಹಲಗೆಗಳನ್ನು ಮುಗಿಸಿದ.

ಇಂಥವನ ಕೈಗೆ ನನ್ನ ಪುಟಗಳು ಸಿಕ್ಕಿದ್ದು ಹೀಗೆ. ಮಾಮಾ ಕುಣಿ ಮಗ್ಗದ ನೇಕಾರ. ಹುಡುಗನಿದ್ದಾಗಿನಿಂದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವನು. ಈಗ ಮೊಣಕಾಲು ಹೋಗಿವೆ. ದವಾಖಾನಿಯ ಡಾಕ್ಟರು ಇನ್ನು ಕುಣಿಗೆ ಇಳಿಯಬೇಡಿ ಎಂದುಬಿಟ್ಟರು. ಮಗ್ಗದಿಂದ ಎದ್ದ ಮಾಮಾ ಮನೆಯಲ್ಲಿ ಕುಳಿತು ಏನು ಮಾಡಬೇಕು? "ಮುಂಜಾನಿಂದ ಸಂಜಿತನ ಖಾಲಿ ಮಗ್ಗ ನೋಡ್ಕೋತ ಕುಂದರತಾರ. ನೋಡಾಕ ಆಗವಲ್ದು," ಎಂದು ಅತ್ತೆ ಫೋನಿನಲ್ಲಿ ಅತ್ತಳು. ಅದೇ ಹೊತ್ತಿಗೆ ನೇಕಾರರ ಸೊಸೈಟಿಗೆ ಒಂದು ಕಂಪ್ಯೂಟರು ಬಂತು. ಸೀರೆಯ ದಡಿಯ ನಮೂನೆಯನ್ನು ಇನ್ನು ಮೇಲೆ ಚೌಕಳಿ ಹಾಳೆಯ ಬದಲು ಅದರಲ್ಲಿ ಬಿಡಿಸಬೇಕು. ಕಲಿತವರಲ್ಲಿ ಒಬ್ಬರಿಗೆ ಅದರ ಮುಂದಿನ ಕುರ್ಚಿ ಕಾಯಂ ಎಂದು ಸೆಕ್ರೆಟರಿ ಹೇಳಿದರು. ಆ ಕುರ್ಚಿಯ ಮೇಲೆ ಮಾಮಾ ಜೀವ ಇಟ್ಟುಕೊಂಡ. ಆ ಸಾಫ್ಟ್‌ವೇರಿನ ಕನ್ನಡ ಸಹಾಯ ಪುಟಗಳು ನನ್ನವು. ಒಟ್ಟು ನಲವತ್ತೊಂದು.

ಪ್ರತಿ ಪುಟದ ಅಡಿಯಲ್ಲಿ ಮೂರು ಲಿಂಕು ಇರುತ್ತವೆ: ಹಿಂದಿನ ಪುಟ, ಮುಂದಿನ ಪುಟ, ಪರಿವಿಡಿ. ಮಾಮಾನಿಗೆ ಕಂಡದ್ದು ನಡುವಿನದೊಂದೇ. ದಿನಾ ಸೊಸೈಟಿಗೆ ಹೋಗುವುದು, ಒಂದನೇ ಪುಟ ತೆರೆದು ಪೂರ್ತಿ ಓದುವುದು, ಆಮೇಲೆ ಮುಂದಿನ ಪುಟ, ಮುಂದಿನ ಪುಟ ಎಂದು ಒತ್ತುತ್ತಾ ನಿನ್ನೆ ಬಿಟ್ಟಲ್ಲಿಗೆ ಬರುವುದು. ಇಂದು ಎಷ್ಟಾಯಿತು ಎಂದು ಸಂಜೆ ನನಗೆ ವರದಿ.

"ಮಾಮಾ, ಮ್ಯಾಲ ಒಂದು ಡಬ್ಬಿ ಐತಲ್ಲ, ಅದರಾಗ ಏನು ಬೇಕೋ ಅದನ್ನ ಟೈಪ್ ಮಾಡು. ನೆಟ್ಟಗ ಅಲ್ಲಿಗೇ ಒಯ್ತೈತಿ."

"ನಡುವಿನ ಪುಟ?"

"ಅವು ಯಾಕ ಬೇಕು?"

"ಬ್ಯಾಡಾಗಿದ್ರ ನೀ ಯಾಕ ಬರದಿ?"

ನಾನು ಕುಕ್ಕರ್ ಕೂಗುತ್ತಿದೆ ಎಂದು ಫೋನಿಟ್ಟೆ.

ಹೀಗೆ ಹತ್ತೊಂಬತ್ತಾಯಿತು, ಇಪ್ಪತ್ತೊಂದಾಯಿತು, ಇಪ್ಪತ್ಮೂರಾಯಿತು. ಮರುದಿನ, "ಹನ್ನೆರಡಕ್ಕ ಬಂದೇನವ್ವಿ," ಎಂದ. ನಾನು ಮರೆತಿದ್ದಾನೆ ಎಂದುಕೊಂಡೆ. ಕೆಲವು ದಿನ ಬಿಟ್ಟು ಮತ್ತೆ ಇಪ್ಪತ್ಮೂರು, ಮರುದಿನ ಮತ್ತೆ ಹನ್ನೆರಡು! ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಂಪನಿಯವರ ಫೋನಿನ ಗುಂಪಿನಲ್ಲಿ, "ನನಗೊಬ್ಬ ಓದುಗ ಸಿಕ್ಕಿದ್ದಾನೆ, ಅವನು ಹಿಂದಕ್ಕೆ ಓದುತ್ತಾನೆ," ಎಂದು ಹಾಕಿದೆ. ಎಲ್ಲರೂ ನಗುವ ಮುಖ ಕಳಿಸಿದರು. ಅಷ್ಟು ವರ್ಷ ನಾನು ಬರೆದ ಯಾವುದಕ್ಕೂ ಅಷ್ಟು ಮೆಚ್ಚುಗೆ ಬಂದಿರಲಿಲ್ಲ. ನಾನು ಉಬ್ಬಿಹೋದೆ.

ಆ ಉಬ್ಬಿನಲ್ಲೇ ಗಜೇಂದ್ರಗಡಕ್ಕೆ ಹೋದೆ. ಸಹಾಯ ಪುಟ ಬಳಸುವುದು ಹೇಗೆಂದು ನೇಕಾರರಿಗೆ ತಿಳಿಸಿ ಬಾ ಎಂದು ಕಂಪನಿಯವರು ಕಳಿಸಿದ್ದರು. ಸೊಸೈಟಿಯ ಕೋಣೆಯಲ್ಲಿ ಇಪ್ಪತ್ತು ಜನ, ಜೊತೆಗೆ ಸೆಕ್ರೆಟರಿ. ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಜನರನ್ನು ಮೊದಲು ನಗಿಸಬೇಕು ಎಂದು ನನ್ನ ತಲೆಗೆ ಯಾವ ದೆವ್ವ ಹೊಕ್ಕಿತ್ತೋ! "ಒಬ್ಬರು ಇದ್ದಾರ್ರಿ, ದಿನಾ ಒಂದನೇ ಪುಟದಿಂದ ಓದ್ತಾರ, ಇಪ್ಪತ್ಮೂರಕ್ಕ ಹೋಗಿ ಮತ್ತ ಹನ್ನೆರಡಕ್ಕ ಬರ್ತಾರ," ಎಂದು ಶುರುಮಾಡಿದೆ. ಹೆಸರು ಹೇಳಲಿಲ್ಲ. ದಿನಾ ಆ ಕೋಣೆಯಲ್ಲೇ ಕುಳಿತು ಓದುವವನಿಗೆ ಹೆಸರು ಬೇಕೇ? ಎಲ್ಲರೂ ಮಾಮಾನ ಕಡೆ ತಿರುಗಿ ನಕ್ಕರು. ಮಾಮಾನೂ ಕಣ್ಣಲ್ಲಿ ನೀರು ಬರುವಂತೆ ನಕ್ಕ.

ಸೆಕ್ರೆಟರಿ ನಗುತ್ತಲೇ, "ಹಂಗಾದ್ರ ಕುರ್ಚಿಗೆ ಬ್ಯಾರೆ ಯಾರನ್ನರೆ ನೋಡಬೇಕಾಗ್ತೈತ್ರಿ," ಎಂದರು.

ಮಾಮಾನ ನಗು ಅರ್ಧಕ್ಕೆ ನಿಂತಿತು. ನಾನು ಏನು ಮಾಡಿದೆನೆಂದು ನನಗೆ ಗೊತ್ತಾದದ್ದು ಆಗ. ಆದರೂ ಮಾತು ತಿರುಗಿಸಿ ಪಾಠ ಮುಂದುವರಿಸಿದೆ, ಎಂಥ ಗಟ್ಟಿ ಮುಖ ನೋಡಿ.

ಕಂಪ್ಯೂಟರಿನ ಮುಂದೆ ಒಬ್ಬ ನೇಕಾರ ಹೆಣ್ಣುಮಗಳನ್ನು ಕೂರಿಸಿ, "ಡಬ್ಬಿಯಾಗ ನಿಮಗೇನು ಬೇಕೋ ಬರೀರಿ," ಎಂದೆ. ಆಕೆ 'ದಡಿ' ಎಂದು ಬರೆದಳು. ಏನೂ ಸಿಗಲಿಲ್ಲ ಎಂದು ಬಂತು. ಮತ್ತೊಮ್ಮೆ ಒತ್ತಿದರೂ ಏನೂ ಸಿಗಲಿಲ್ಲ. ಸಿಗುವುದು ಹೇಗೆ? ನಲವತ್ತೊಂದು ಪುಟಗಳಲ್ಲೂ ನಾನು 'ಅಂಚು' ಎಂದೇ ಬರೆದಿದ್ದೆ. ಹುಟ್ಟಿದಾಗಿನಿಂದ ದಡಿ ಎನ್ನುವ ಬಾಯಿ ನನ್ನದು, ಬರೆಯಲು ಕುಳಿತಾಗ ಮಾತ್ರ ದೊಡ್ಡಸ್ತಿಕೆ! ಬೆವರು ಒರೆಸಿಕೊಂಡು, "ಹೋಗ್ಲಿ, ಮುಂದಿನ ಪುಟ ಒತ್ತಕೋತ ಹೋಗ್ರಿ," ಎಂದೆ. ಆಕೆ ಒತ್ತುತ್ತಾ ಹೋದಳು. ಇಪ್ಪತ್ಮೂರು ಬಂತು. ಮತ್ತೆ ಒತ್ತಿದಳು. ಹನ್ನೆರಡು ಬಂತು.

"ಅಕ್ಕಾರ, ಇದು ಹಿಂದಕ್ಕ ಬಂತಲ್ರಿ," ಎಂದಳು.

ಮಾಮಾ ಹಿಂದಕ್ಕೆ ಓದಿರಲಿಲ್ಲ. ಇಪ್ಪತ್ಮೂರನೇ ಪುಟದ ಅಡಿಗೆ ತಪ್ಪು ಲಿಂಕು ಹಾಕಿದವಳು ನಾನು. ಹಾಕಿದ ಮೇಲೆ ಒಮ್ಮೆಯೂ ಒತ್ತಿ ನೋಡಿರಲಿಲ್ಲ. ತಪ್ಪು ನನ್ನದು ಎಂದರೆ ಮುಗಿದಿತ್ತು. ಎರಡೇ ಶಬ್ದ. ಅಷ್ಟು ಜನರ ಮುಂದೆ, ಅದೂ ಈಗ ತಾನೇ ಅಷ್ಟು ನಗಿಸಿದ ಮೇಲೆ, ನಾಲಿಗೆ ಹೊರಳಲಿಲ್ಲ.

ಮಾಮಾ ಮೊಣಕಾಲು ಹಿಡಿದುಕೊಂಡು ಎದ್ದ. "ಅದು ಹಂಗ ಇರೂದವ್ವಾ," ಎಂದು ಆ ಹೆಣ್ಣುಮಗಳಿಗೆ ಹೇಳಿದ. "ದಡಿಯಾಗ ಒಂದು ಹೂವು ಮುಗದ ಮ್ಯಾಲ ಮತ್ತ ಅದ ಹೂವು ಬರೂದಿಲ್ಲೇನು? ಹನ್ನೆರಡರಿಂದ ಇಪ್ಪತ್ಮೂರು, ಕೈಗೆ ಹತ್ತೂತನ ತಿರಗಬೇಕು. ಹತ್ತಿದ ಮ್ಯಾಲ ಪರಿವಿಡಿಗೆ ಹೋಗಿ ಇಪ್ಪತ್ನಾಲ್ಕು ಒತ್ತಬೇಕು."

ಕಿಸೆಯಿಂದ ಒಂದು ಚೌಕಳಿ ಹಾಳೆ ತೆಗೆದು ಬಿಡಿಸಿದ. ಒಂದೊಂದು ಪುಟಕ್ಕೆ ಒಂದೊಂದು ಮನೆ, ಯಾವುದರಿಂದ ಯಾವುದಕ್ಕೆ ಹೋಗಬೇಕೆಂದು ಕೆಂಪು ಗೆರೆ. ದಡಿಯ ನಮೂನೆ ಬಿಡಿಸುವ ಹಾಗೆಯೇ ನನ್ನ ನಲವತ್ತೊಂದೂ ಪುಟಗಳನ್ನು ಬಿಡಿಸಿಟ್ಟಿದ್ದ. ಅಂಚು ಎಂದರೆ ದಡಿ ಎಂದು ಮೂಲೆಯಲ್ಲಿ ಬರೆದುಕೊಂಡಿದ್ದ. ಜನ ತಲೆದೂಗಿದರು. ಸೆಕ್ರೆಟರಿ ನನ್ನ ಕಡೆ ನೋಡಿ, "ಹೌದೇನ್ರಿ ಅಕ್ಕಾರ?" ಎಂದರು.

"ಹೌದ್ರಿ. ನಾವ ಹಂಗ ಇಟ್ಟೇವಿ," ಎಂದೆ.

ಬರೆಯಲು ಈಗಲೂ ಕೈ ಹಿಂದೆ ಸರಿಯುತ್ತದೆ. ಆದರೆ ಅಂದೆ. ಮಾಮಾನ ಮುಖ ನೋಡದೆ ಬಸ್ಸು ಹತ್ತಿದೆ. ರೋಣ ದಾಟುವವರೆಗೂ ಕಿಟಕಿಯ ಹೊರಗೆ ಏನಿತ್ತೋ ನನಗೆ ಗೊತ್ತಿಲ್ಲ.

ಮೂರು ದಿನ ಅನ್ನ ರುಚಿಸಲಿಲ್ಲ. ನಾಲ್ಕನೇ ದಿನ ಸೆಕ್ರೆಟರಿಗೆ ಫೋನು ಮಾಡಿ, "ತಪ್ಪು ನಂದ್ರಿ, ಮಾಮಾಂದಲ್ಲ," ಎಂದೆ.

"ಗೊತ್ತೈತ್ರಿ," ಎಂದರು ಅವರು. "ನೀವು ಬಸ್ ಹತ್ತಿದ ಮ್ಯಾಲ ಅವರನ್ನ ಹಿಡದು ಕೇಳಿದ್ವಿ. ಮೊದಲನೇ ಸುತ್ತು ಖರೇನ ಹಂಗ ಇರ್ತೈತಿ ಅಂತ ತಿಳಕೊಂಡಿದ್ರಂತ. ಎರಡನೇ ಸುತ್ತಿಗೆ ತಪ್ಪೈತಿ ಅಂತ ಗೊತ್ತಾತಂತ. ಕಂಪನಿಗೆ ಬರಿಯೂಣು ಅಂದ್ರ, ಬ್ಯಾಡ್ರಿ, ಹುಡುಗಿಗೆ ಬೈತಾರ ಅಂದ್ರು. ನಿಮಗೂ ಹೇಳಬ್ಯಾಡ್ರಿ ಅಂದಿದ್ರು."

ಅಂದರೆ ಎಲ್ಲರಿಗೂ ಗೊತ್ತಿತ್ತು! ನಾನು ಮುಚ್ಚಿಟ್ಟೆ ಎಂದುಕೊಂಡದ್ದನ್ನು ಇಪ್ಪತ್ತು ಜನ ನನ್ನ ಸಲುವಾಗಿ ಮುಚ್ಚಿಟ್ಟಿದ್ದರು. ಕೊನೆಗೆ ಕುರ್ಚಿ ಯಾರಿಗೆ ಎಂದು ಮೆಲ್ಲಗೆ ಕೇಳಿದೆ.

"ಅವರ ಕುಂತಾರ್ರಿ. ಆ ಹಾಳಿ ಇಲ್ಲದ ನಿಮ್ಮ ಇಪ್ಪತ್ನಾಲ್ಕನೇ ಪುಟಕ್ಕ ಯಾರು ಮುಟ್ಟಬೇಕು?"

ಅಂದೇ ಲಿಂಕು ಸರಿಪಡಿಸಿದೆ. ಆಮೇಲೆ ಜನ್ಮದಲ್ಲಿ ಮೊದಲ ಸಲ ಒಂದನೇ ಪುಟದಿಂದ ಕುಳಿತು, ಮುಂದಿನ ಪುಟ, ಮುಂದಿನ ಪುಟ ಎಂದು ಒತ್ತುತ್ತಾ ಓದಿ, ಅಂಚು ಇದ್ದಲ್ಲೆಲ್ಲ ದಡಿ ಎಂದು ತಿದ್ದಿದೆ. ಎರಡು ದಿನ ಹಿಡಿಯಿತು. ಮಾಮಾ ಫೋನು ಮಾಡಿದ.

"ಅವ್ವಿ, ಇವತ್ತ ಇಪ್ಪತ್ಮೂರರ ಮುಂದ ಇಪ್ಪತ್ನಾಲ್ಕು ಬಂತು. ದಡಿ ಅಂತನೂ ಬರದಿ. ಚಲೋ ಆತು."

"ತಪ್ಪು ನಂದಿತ್ತು ಮಾಮಾ. ಎಲ್ಲಾರ ಮುಂದ ನಿನ್ನ ನಗಿಪಾಟಲು ಮಾಡಿದೆ, ಮ್ಯಾಲ ಸುಳ್ಳು ಹೇಳಿದೆ."

"ಇರ್ಲಿ ಬಿಡು."

ಅಳು ಬಂತು. ಅದನ್ನು ಮರೆಮಾಚಲು ಗದರಿಸಿದೆ: "ಇನ್ನರೆ ಆ ಹುಡುಕೂ ಡಬ್ಬಿ ಒತ್ತು. ದಿನಾ ಒಂದನೇ ಪುಟ ಯಾಕ ಓದ್ತಿ? ಅದರಾಗ ಏನೈತಿ?"



"ತಳದಾಗ ಸಣ್ಣ ಅಕ್ಷರದಾಗ ನಿನ್ನ ಹೆಸರೈತಿ. ಹುಡುಕಿದ್ರ ನೆಟ್ಟಗ ಕೆಲಸದ ಪುಟಕ್ಕ ಒಯ್ತೈತಿ. ನಿನ್ನ ಹೆಸರು ಬರೂದಿಲ್ಲ."

ಫೋನಿಟ್ಟು ಒಂದನೇ ಪುಟ ತೆರೆದೆ. ತಳದಲ್ಲಿ, ಕಂಪನಿಯವರು ಹಾಕಿದ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ನನ್ನ ಹೆಸರಿತ್ತು. ಎರಡು ದಿನ ಕುಳಿತು ಪೂರ್ತಿ ಓದಿದೆ ಎಂದೆನಲ್ಲ, ಆ ಒಂದು ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದಕ್ಷರ ಬಿಡದೆ ಓದಿದವನು ಈಗಲೂ ಒಬ್ಬನೇ.