ಒಂದೇ ಬೆಳಗಿನ ಮೂರು ಹಬ್ಬ

ಗ್ರೀನ್ ಕಾರ್ಡಿನ ಇಂಟರ್‌ವ್ಯೂ ಇದ್ದ ದಿನವೇ ಗುರುಪಾದಪ್ಪನವರು ಗಡ್ಡ ಹೆರೆದುಕೊಳ್ಳುವಾಗ ಗಲ್ಲ ಕೊಯ್ದುಕೊಂಡರು. ಹೆಂಡತಿ ವಸಂತಲಕ್ಷ್ಮಿ ಅಡುಗೆಮನೆಯಿಂದ ಚಿಟಿಕೆ ಅರಿಶಿನ ತಂದು ಗಾಯಕ್ಕೆ ಒತ್ತಿದರು. ರಕ್ತ ನಿಂತಿತು, ಬಣ್ಣ ಉಳಿಯಿತು. ಇಷ್ಟು ಸಣ್ಣ ವಿಷಯದಿಂದ ಒಂದು ದಿನವೆಲ್ಲ ಕೆಡಬಹುದೆಂದು ಅಷ್ಟು ವಯಸ್ಸಾಗಿದ್ದರೂ ಗುರುಪಾದಪ್ಪನವರಿಗೆ ಹೊಳೆಯಲಿಲ್ಲ.

ವಿದ್ಯುತ್ ಮಂಡಳಿಯಿಂದ ನಿವೃತ್ತರಾಗಿ, ಮೊದಲ ಹೆಂಡತಿಯೂ ತೀರಿಕೊಂಡ ಮೇಲೆ ಅವರು ತಿಪಟೂರಿಗೂ ಅಮೆರಿಕದ ಎಜುಕೇಶನ್ ಹಿಲ್‌ನಲ್ಲಿದ್ದ ಮಗನ ಮನೆಗೂ ನಡುವೆ ಓಡಾಡುತ್ತಲೇ ಇದ್ದರು. ಇದ್ದದ್ದು ವಿಸಿಟರ್ ವೀಸಾ. ಅವರಂಥ ಹಿರಿಯರು ತಮಾಷೆಗೆ ಅದನ್ನೇ ರಿಟೈರ್‌ಮೆಂಟ್ ವೀಸಾ ಎನ್ನುತ್ತಿದ್ದರು. ಆರು ತಿಂಗಳಾಗುತ್ತಿದ್ದಂತೆ ಗಂಟುಮೂಟೆ ಕಟ್ಟಬೇಕು. ಮತ್ತೆ ಅದೇ ವಿಮಾನ, ಅದೇ ಬೆಲ್ಟು ಬಿಚ್ಚುವುದು, ಚಟ್ನಿಪುಡಿಯ ಡಬ್ಬಿ ತೆರೆದು ತೋರಿಸುವುದು, ಮಡಚಿದ ಮೊಣಕಾಲು ಬಿಡಿಸಲಾಗದೆ ಒದ್ದಾಡುವುದು. ಅವರು ನಿಜಕ್ಕೂ ದಣಿದಿದ್ದರು. ಇನ್ನೆಲ್ಲಿಗೂ ಹೋಗದೆ ಒಂದೇ ಊರಿನಲ್ಲಿ, ಒಂದೇ ಹಾಸಿಗೆಯಲ್ಲಿ ಬಿದ್ದಿರಬೇಕು ಎನ್ನುವುದೊಂದೇ ಉಳಿದಿದ್ದ ಆಸೆ.

ಕ್ರಾಸ್‌ರೋಡ್ಸ್ ಮಾಲ್‌ನಲ್ಲಿ ನೆಲದ ಮೇಲಾಡುವ ದೊಡ್ಡ ಚದುರಂಗ ನೋಡುತ್ತ ಕೂತಿದ್ದಾಗ ಪಕ್ಕದ ಕುರ್ಚಿಯಲ್ಲಿ ಪರಿಚಯವಾದವರು ವಸಂತಲಕ್ಷ್ಮಿ. ಮೈಸೂರಿನವರು, ಗಂಡನನ್ನು ಕಳೆದುಕೊಂಡವರು, ಬಹಳ ವರ್ಷಗಳಿಂದ ಇಲ್ಲಿದ್ದು ಇಲ್ಲಿನ ಪೌರತ್ವ ಪಡೆದವರು. ಮಾತು ಬೆಳೆಯಿತು. ಮಕ್ಕಳೇ ಮುಂದೆ ನಿಂತು ದೇವಸ್ಥಾನದಲ್ಲಿ ಮದುವೆ ಮಾಡಿಸಿದರು. ಇಬ್ಬರಿಗೂ ಪ್ರೀತಿಯಿದ್ದದ್ದು ನಿಜ. ಇಲ್ಲಿನ ಪೌರಳ ಗಂಡನಿಗೆ ಕಾಯಂ ಇರಲು ಗ್ರೀನ್ ಕಾರ್ಡ್ ಸಿಗುತ್ತದೆ, ಇನ್ನು ವಿಮಾನದ ಕಾಟ ತಪ್ಪಿತೆಂದು ಗುರುಪಾದಪ್ಪನವರಿಗೆ ಒಳಗೊಳಗೇ ಖುಷಿಯಾದದ್ದೂ ಅಷ್ಟೇ ನಿಜ. ಇವತ್ತು ಆಫೀಸರ್ ಈ ಮದುವೆಯನ್ನು ನಂಬಿದರೆ ಸರಿ, ನಂಬದಿದ್ದರೆ ಮತ್ತೆ ವಿಮಾನ.

ತಿಂಡಿಯ ಹೊತ್ತಿಗೆ ಪಕ್ಕದ ಅಪಾರ್ಟ್‌ಮೆಂಟಿನ ಮಹೇಶ ಬಂದ. ಕಾರಿನಲ್ಲಿ ಕರೆದೊಯ್ಯುವ ಹೊಣೆ ಅವನದು. ಸಲಹೆ ಕೊಡುವ ಹೊಣೆಯನ್ನು ತಾನೇ ಹೊತ್ತುಕೊಂಡಿದ್ದ.

"ಏನ್ ಅಂಕಲ್ ಇದು," ಎಂದ ಮದುವೆ ಫೋಟೋ ತಿರುವುತ್ತ. "ಬಸ್‌ಸ್ಟಾಪಲ್ಲಿ ಪರಿಚಯ ಇಲ್ದೋರು ನಿಂತಿರೋ ಹಾಗಿದೆ. ನಗು ಇಲ್ಲ, ಹೆಗಲ ಮೇಲೆ ಕೈ ಇಲ್ಲ."

"ನಮ್ ಕಡೆ ಹಂಗೇ ನಿಲ್ಲೋದಪ್ಪ."

"ಅದು ಆಫೀಸರ್‌ಗೆ ಗೊತ್ತಾ? ಹಬ್ಬದ ಫೋಟೋ ಆದ್ರೂ ಇದ್ಯಾ?"

ಇರಲಿಲ್ಲ. ಹಬ್ಬದ ದಿನಗಳಲ್ಲಿ ಇಬ್ಬರೂ ಒಬ್ಬಟ್ಟು ತಿಂದು ಮಲಗಿದ್ದರು.

"ಹಾಗಾದ್ರೆ ಈಗ್ಲೇ ತೆಗ್ದುಬಿಡೋಣ," ಎಂದು ಮಹೇಶ ಮೇಲಿನ ಮನೆಯ ವಿಜಯಾಳಿಗೆ ಕಾಲ್ ಮಾಡಿದ. ಆಕೆ ಸೀರೆಗಳನ್ನೂ ಬಣ್ಣದ ಲೈಟಿನ ಸರವನ್ನೂ ಹೊತ್ತು ಇಳಿದು ಬಂದಳು.

"ರೀ, ಈ ಸುಳ್ಳೆಲ್ಲ ಬೇಡ," ಎಂದರು ವಸಂತಲಕ್ಷ್ಮಿ.

"ಆಂಟಿ, ಇದು ಸುಳ್ಳಲ್ಲ. ಲೇಟಾಗಿ ತೆಗೀತಿರೋ ನಿಜ," ಎಂದ ಮಹೇಶ.

ಗುರುಪಾದಪ್ಪನವರು ವಿಮಾನದ ಸೀಟನ್ನು ನೆನೆಸಿಕೊಂಡು ಒಪ್ಪಿಬಿಟ್ಟರು. ಬಾಲ್ಕನಿಗೆ ಮೇಪಲ್ ಎಲೆಯ ತೋರಣ ಕಟ್ಟಿ ಯುಗಾದಿ ಮುಗಿಯಿತು. ಕತ್ತಲೆ ಬೇಕೆಂದು ಬಚ್ಚಲುಮನೆಯಲ್ಲಿ ದೀಪ ಹಚ್ಚಿ ದೀಪಾವಳಿ ಮಾಡಿದರು. ಕ್ರಿಸ್‌ಮಸ್‌ಗೆ ಮಹೇಶನ ಕೆಂಪು ಸ್ವೆಟರ್ ತೊಡಿಸಿದರು. ಅದು ಹೊಟ್ಟೆಯ ಹತ್ತಿರ ಸಿಕ್ಕಿಕೊಂಡು ಇಬ್ಬರು ಹಿಡಿದೆಳೆಯಬೇಕಾಯಿತು. ದಾರಿಯಲ್ಲಿ ಪ್ರಿಂಟ್ ಹಾಕಿಸಿ ಆಫೀಸು ಮುಟ್ಟುವ ಹೊತ್ತಿಗೆ ಅವರಿಗೆ ವರ್ಷವಿಡೀ ಹಬ್ಬ ಮಾಡಿದಷ್ಟು ಸುಸ್ತಾಗಿತ್ತು.

ಆಫೀಸರ್ ನಡುವಯಸ್ಸಿನ ಹೆಂಗಸು, ಮಾತು ಮೆತ್ತಗೆ. ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು.

"ಇವು ಬೇರೆ ಬೇರೆ ತಿಂಗಳ ಹಬ್ಬಗಳೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಗುರುಪಾದಪ್ಪನವರು ಹೌದೆಂದರು.

"ಎಲ್ಲದರಲ್ಲೂ ನಿಮ್ಮ ಗಲ್ಲದ ಮೇಲೆ ಒಂದೇ ಕಡೆ ಹಳದಿ ಗಾಯವಿದೆ."

ಗುರುಪಾದಪ್ಪನವರು ಗಲ್ಲ ಮುಟ್ಟಿಕೊಂಡರು. "ಅದು ಸಂಪ್ರದಾಯ ಮೇಡಂ. ಹಬ್ಬದ ದಿನ ಹಚ್ಚಿಕೊಳ್ಳುತ್ತೇವೆ," ಎಂದರು.

"ಈಗಲೂ ಇದೆಯಲ್ಲ. ಇವತ್ತು ಯಾವ ಹಬ್ಬ?"

ಗುರುಪಾದಪ್ಪನವರು ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬ ಹುಡುಕುತ್ತ, "ಇವತ್ತು..." ಎಂದು ಎಳೆದರು. ವಸಂತಲಕ್ಷ್ಮಿಗೆ ತಡೆಯಲಾಗಲಿಲ್ಲ.

"ಸಾಕು ಸುಮ್ನಿರ್ರೀ," ಎಂದು ಗಂಡನನ್ನು ಗದರಿ, ಆಫೀಸರ್ ಕಡೆ ತಿರುಗಿ ಇಂಗ್ಲಿಷಿಗಿಳಿದರು. "ಎಲ್ಲ ಇವತ್ತೇ ತೆಗೆದದ್ದು. ನಾನು ಬೇಡವೆಂದೆ. ಪಕ್ಕದ ಮನೆಯವನ ಮಾತು ಕೇಳುತ್ತಾರೆ, ನನ್ನದು ಕೇಳುವುದಿಲ್ಲ. ನನ್ನ ಹತ್ತಿರ ಇರುವ ಫೋಟೋ ನೋಡಿ."

ಫೋನಿನಲ್ಲಿದ್ದದ್ದು ಗಂಡನ ಮೇಲಿನ ದೂರುಗಳು. ಹಾಸಿಗೆಯ ಮೇಲೆ ಒದ್ದೆ ಟವಲ್. ಕಿಟಕಿಯ ಕಟ್ಟೆಯ ಮೇಲೆ ಒಣಗಿದ ಕಾಫಿ ಲೋಟ. ಟಿವಿ ಮುಂದೆ ಬಾಯಿ ತೆರೆದು ನಿದ್ದೆ, ಮೇಲೆ ವಸಂತಲಕ್ಷ್ಮಿಯೇ ಹೊದಿಸಿದ್ದ ಶಾಲು. ಮತ್ತೆ ಟವಲ್. ಹೊರಗೆ ಹಿಮ ಬಿದ್ದ ದಿನವೂ ಟವಲ್. ಎಲ್ಲವನ್ನೂ ಗುರುಪಾದಪ್ಪನವರ ಮಗನಿಗೆ ಕಳಿಸಲೆಂದು ತಿಂಗಳುಗಟ್ಟಲೆ ತೆಗೆದಿಟ್ಟಿದ್ದರು.

ಆಫೀಸರ್ ಬಹಳ ಹೊತ್ತು ನೋಡಿದಳು. ಒಂದು ಕಡೆ ತಡೆಯಲಾರದೆ ನಕ್ಕಳು. ಹಬ್ಬದ ಫೋಟೋಗಳನ್ನು ಹಿಂದಕ್ಕೆ ತಳ್ಳಿ, ಇನ್ನೊಮ್ಮೆ ಇಂಥದ್ದು ತಂದರೆ ಸುಮ್ಮನಿರುವುದಿಲ್ಲವೆಂದು ಚೆನ್ನಾಗಿ ಗದರಿ, ಅರ್ಜಿಯನ್ನು ಮಂಜೂರು ಮಾಡಿದಳು.

ವಾಪಸಾಗುವಾಗ ಗುರುಪಾದಪ್ಪನವರು ಕಾರಿನ ಹಿಂದಿನ ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಇನ್ನು ಯಾರೂ ಹೋಗು ಎನ್ನುವುದಿಲ್ಲ. ಬಹಳ ದಿನದ ಮೇಲೆ ಮೈ ಹಗುರವಾಯಿತು.

"ರೀ," ಎಂದರು ವಸಂತಲಕ್ಷ್ಮಿ. "ಕಾರ್ಡ್ ಕೈಗೆ ಬಂದ ತಕ್ಷಣ ಟಿಕೆಟ್ ಮಾಡ್ಸಿ. ಮೈಸೂರಿಗೆ ಹೋಗ್ಬಿಡೋಣ."

"ಎಷ್ಟು ದಿನಕ್ಕೆ?"

"ದಿನ ಏನು ಬಂತು, ಇದ್ದುಬಿಡೋಣ. ಎಷ್ಟೋ ವರ್ಷದಿಂದ ಆಸೆ. ಒಬ್ಳೇ ವಿಮಾನ ಹತ್ತೋಕೆ ಭಯ, ಅದಕ್ಕೇ ಹೋಗ್ಲಿಲ್ಲ. ನಿಮ್ಗೆ ಓಡಾಡಿ ಎಲ್ಲ ಅಭ್ಯಾಸ ಆಗಿದೆ. ಅದನ್ನ ನೋಡೇ ಅಲ್ವೇನ್ರೀ ನಾನು ಮದುವೆಗೆ ಒಪ್ಕೊಂಡಿದ್ದು."

ಗುರುಪಾದಪ್ಪನವರು ಕಣ್ಣು ತೆರೆದರು. ಹೋಗಲಿ, ಮೈಸೂರಾದರೆ ಮೈಸೂರು, ಒಂದು ಕಡೆ ಬಿದ್ದಿದ್ದರಾಯಿತು ಎಂದು ಸಮಾಧಾನ ತಂದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಡ್ರೈವ್ ಮಾಡುತ್ತಿದ್ದ ಮಹೇಶ ಕನ್ನಡಿಯಲ್ಲಿ ಅವರನ್ನು ನೋಡಿದ.

"ಅಂಕಲ್, ಅಲ್ಲೇ ಇದ್ದುಬಿಡೋಕಾಗಲ್ಲ. ಗ್ರೀನ್ ಕಾರ್ಡ್ ಇರೋರು ಆರು ತಿಂಗ್ಳೊಳಗೆ ವಾಪಸ್ ಬಂದ್ರೇನೇ ಸೇಫು, ಇಲ್ದಿದ್ರೆ ಕಾರ್ಡೇ ಹೋಗ್ಬಹುದು."

ಗುರುಪಾದಪ್ಪನವರು ಹೆಂಡತಿಯ ಮುಖ ನೋಡಿದರು.

"ಅದಕ್ಕೇನಂತೆ," ಎಂದರು ವಸಂತಲಕ್ಷ್ಮಿ, ಅವರ ಕೈಯನ್ನು ಪ್ರೀತಿಯಿಂದ ಹಿಡಿದುಕೊಂಡು. "ಮಕ್ಳು ಇಲ್ಲಿರೋವಾಗ ಕಾರ್ಡ್ ಬಿಡೋಕಾಗುತ್ತಾ? ಬಂದು ಮುಖ ತೋರ್ಸಿ ಮತ್ತೆ ಹೋಗೋಣ. ಜೊತೆಗೆ ನಾನಿರ್ತೀನಲ್ಲ."