ಮಾವನ ಕೋವಿಯೂ ನನ್ನ ಬ್ಯಾರನ್ನೂ

ಕೊಟ್ಟ ವಸ್ತುವಿನ ಜೊತೆ ಬುದ್ಧಿವಾದವನ್ನೂ ಕೊಡುವವರು ಮಾವಂದಿರು. ನನ್ನ ಮಾವ ಸರಗೂರಿನ ಸಿದ್ದಮಲ್ಲಪ್ಪನವರು ವಯಸ್ಸಾಯಿತೆಂದು ತಮ್ಮ ಬೆಳೆ ಕಾಯುವ ಕೋವಿಯ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿದರು. ಜೊತೆಗೇ ಒಂದು ಉಪನ್ಯಾಸ: ತಿಂಗಳಿಗೊಮ್ಮೆ ತೆಗೆದು, ಬಟ್ಟೆಗೆ ತೆಳುವಾಗಿ ಎಣ್ಣೆ ಸವರಿ ಒರೆಸಬೇಕು. ಚರ್ಮದ ಚೀಲದಲ್ಲಿ ಮುಚ್ಚಿಡಬಾರದು, ಒಳಗೇ ಬೆವರಿ ತುಕ್ಕು ಹಿಡಿಯುತ್ತದೆ. ನಲವತ್ತು ವರ್ಷ ಅವರು ಹಾಗೇ ಸಾಕಿದ್ದರಂತೆ. (ಮಗಳನ್ನು ಕೊಡುವಾಗ ಇಷ್ಟು ಹೇಳಿರಲಿಲ್ಲ.)

ತಿಂಗಳಿಗೊಮ್ಮೆ ಅಂದರೆ ವರ್ಷಕ್ಕೆ ಹನ್ನೆರಡು ಸಲ. ಇದು ನನ್ನಂಥ ಬಿಡುವಿಲ್ಲದ ಮನುಷ್ಯನಿಗೆ ಆಗುವ ಮಾತಲ್ಲ ಅಂತ ನನ್ನ ಹೆಂಡತಿ ಶಾಂಭವಿಗೆ ಹೇಳಿದೆ. ಜಗಲಿ ಮೇಲೆ ಕೂತು ಮೊಬೈಲ್ ನೋಡೋದಕ್ಕೆ ಬಿಡುವಿದೆಯಲ್ಲ, ಆಗ ಒರೆಸಿ ಅಂದಳು. ಹೆಂಗಸರಿಗೆ ವಿಜ್ಞಾನ ತಿಳಿಯದು ಅಂದುಕೊಂಡು ಮತ್ತೆ ಮೊಬೈಲ್ ತೆಗೆದೆ.

ನನಗೆ ದಿವ್ಯಜ್ಞಾನ ಆದದ್ದು ಹೊಗೆಸೊಪ್ಪು ಬೇಯಿಸಿ ಮುಗಿದ ಮೇಲೆ. ನಮ್ಮೂರು ಕಂಪಲಾಪುರದ ಸುತ್ತಮುತ್ತ, ಸೊಪ್ಪನ್ನು ಬೆಂಕಿಯ ಕಾವಿಗೆ ಒಣಗಿಸುವ ನಮ್ಮ ಬ್ಯಾರನ್ನಿಗಿಂತ ಒಣ ಜಾಗ ಇನ್ಯಾವುದಿದೆ? ಹಸಿ ಸೊಪ್ಪು ಅಲ್ಲಿ ವಾರದಲ್ಲಿ ಹಪ್ಪಳ ಆಗುತ್ತದೆ. ತೇವವೇ ಇಲ್ಲದ ಕಡೆ ತುಕ್ಕು ಎಲ್ಲಿಂದ ಬರಬೇಕು? ಖಾಲಿ ಕೋವಿಗೆ ಮದುಮಗನಿಗೆ ಅರಿಶಿನ ಬಳಿದಂತೆ ಗ್ರೀಸ್ ಬಳಿದು, ಗೋಣಿ ಸುತ್ತಿ, ಬ್ಯಾರನ್ನಿನ ಮೇಲ್ತುದಿಯ ಗಳಕ್ಕೆ ಕಟ್ಟಿ, ಬಾಗಿಲಿಗೆ ಬೀಗ ಜಡಿದೆ. ಆಮೇಲೆ ಮರೆತೂಬಿಟ್ಟೆ.

ಮುಂದಿನ ಬೆಳೆಯ ಮೊದಲ ಸೊಪ್ಪನ್ನು ಬ್ಯಾರನ್ನಿಗೆ ತುಂಬಿದ ದಿನ ನಾನು ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಆಳುಗಳನ್ನು ಕರೆದು ತುಂಬಿಸಿದವಳು, ಬೆಂಕಿ ಹಾಕಿಸಿದವಳು ಶಾಂಭವಿ. ಮೇಲಿದ್ದ ಗೋಣಿಯನ್ನು ಹಳೇ ಗೋಣಿ ಅಂತ ಯಾರೂ ಮುಟ್ಟಲಿಲ್ಲ.

ಏಳನೇ ದಿನ ಬೆಂಕಿ ಆರಿತ್ತು. ಅವತ್ತೇ ಮಾವ ಬಸ್ಸಿಳಿದು ಬಂದು, ಕಾಫಿ ಕುಡಿದು, ಕೋವಿ ತನ್ನಿ ನೋಡೋಣ ಅಂದರು. ಗೋಣಿ ಆಗ ನೆನಪಾಯಿತು. ಶಾಂಭವಿ ನನ್ನ ಮುಖ ನೋಡಿದಳು, ಬ್ಯಾರನ್ನಿನ ಕಡೆ ತಿರುಗಿದ ನನ್ನ ಕಣ್ಣು ನೋಡಿದಳು, ತಲೆ ಚಚ್ಚಿಕೊಂಡಳು.

ಹತ್ತಿ ಇಳಿಸಿದೆ. ಗ್ರೀಸೆಲ್ಲ ಕರಗಿ ಕೆಳಗಿನ ಸೊಪ್ಪಿನ ಮೇಲೆ ಸುರಿದಿತ್ತು. ಮೊದಲ ದರ್ಜೆ ಚಿನ್ನದ ಬಣ್ಣಕ್ಕೆ ಹುಲಿಯ ಪಟ್ಟೆ. ಶಾಂಭವಿ ಹಾಳಾದ ಎಲೆಗಳನ್ನು ಒಂದೊಂದಾಗಿ ಎಣಿಸತೊಡಗಿದಳು, ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಮಾವ ಕೋವಿ ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಒಳಗೆ ಕನ್ನಡಿ ಇದ್ದಂಗೈತೆ ಕಣವ್ವ. ಚೂರೂ ತುಕ್ಕಿಲ್ಲ."

ನನಗೆ ಹೋದ ಜೀವ ಬಂತು. ನೋಡಿದೆಯಾ ವಿಜ್ಞಾನ, ಅಂತ ಶಾಂಭವಿಗೆ ಹುಬ್ಬು ಹಾರಿಸಿದೆ. ಮಾವ ಖುಷಿಯಿಂದ ನಳಿಗೆ ಕೂಡಿಸಿ, ಹಳೇ ಠೀವಿಯಲ್ಲಿ ಕೋವಿಯನ್ನು ಹೆಗಲಿಗೆ ಒತ್ತಿಕೊಂಡರು. ಚಟ್ ಅಂತು. ಏಳು ದಿನದ ಕಾವಿಗೆ ಒಣಗಿ ಸೀಳಿಹೋಗಿದ್ದ ಮರದ ಹಿಡಿ ಎರಡು ಹೋಳಾಗಿ ಅವರ ಪಂಚೆ ಮೇಲೆ ಬಿತ್ತು.

ಮಾವ ಆ ಹೋಳುಗಳನ್ನೇ ನೋಡುತ್ತಾ ಕೂತರು. ಪಾಪ, ಕಣ್ಣು ತುಂಬಿತ್ತು. ನನಗೂ ನಿಜವಾಗಿ ಸಂಕಟವಾಯಿತು.

"ಓಗ್ಲಿ ಬುಡಪ್ಪ," ಅಂದಳು ಶಾಂಭವಿ. "ಬಡಗಿ ತಾವ ಒಸ ಹಿಡಿ ಆಕ್ಸಾನ."

ಮಾವ ಕಣ್ಣೊರೆಸಿಕೊಂಡು ನನ್ನನ್ನು ತಲೆಯಿಂದ ಕಾಲವರೆಗೆ ನೋಡಿದರು.

"ಹಿಡಿ ಬದ್ಲಾಯಿಸ್ಬೋದು ಕಣವ್ವ. ಅಳಿಯಂದ್ರನ್ನ ಏನ್ಮಾಡಾನ?"

ಮುಂದಿನ ವಾರವೇ ಲೈಸೆನ್ಸನ್ನು ಶಾಂಭವಿಯ ಹೆಸರಿಗೆ ಮಾಡಿಕೊಡಿ ಅಂತ ಅರ್ಜಿ ಹೋಯಿತು. ನನ್ನ ಸಂಪೂರ್ಣ ಒಪ್ಪಿಗೆ ಇದೆ ಅಂತ ಕೆಳಗೆ ರುಜು ಹಾಕಿದವನು ನಾನೇ. ಪೆನ್ನು ಕೊಟ್ಟವರು ಮಾವ.