ಮಗನ ಆನೆ, ನನ್ನ ರಾಜಾರಾಣಿ

ವಯಸ್ಸಾದ ಮೇಲೆ ಮಕ್ಕಳ ಆಟಕ್ಕೆ ಅಡ್ಡ ಬರಬಾರದು ಅನ್ನುತ್ತಾರೆ. ಒಪ್ಪಿದೆ. ಆದರೆ ಆಡುವವನಿಗೇ ಐವತ್ತು ಸಮೀಪಿಸಿ ತಲೆ ಬೋಳಾಗಿದ್ದರೆ? ನನ್ನ ಮಗ ರಘು ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ. ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಅವನು ಸಾಕಿಕೊಂಡಿರುವುದು ಮೆತ್ತನೆಯ ಬಟ್ಟೆ ಗೊಂಬೆಗಳನ್ನು. ಅವೂ ಅಂಗಡಿಯವಲ್ಲ. ಕಾರ್ಖಾನೆಯವರು ಸಾವಿರಗಟ್ಟಲೆ ಹೊಲಿಯುವ ಮೊದಲು, ಹೇಗಿರುತ್ತದೋ ನೋಡೋಣವೆಂದು ಒಂದೇ ಒಂದು ಹೊಲಿಯುತ್ತಾರಂತೆ. ಆ ಮಾದರಿಯೇ ಬೇಕು ಇವನಿಗೆ. ಕಣ್ಣು ಮೇಲೆ ಕೆಳಗಾದ ಕರಡಿ, ಒಂಟಿ ಕಿವಿಯ ಮೊಲ. ಮಾಡಿದವರೇ ಬೇಡವೆಂದು ಬಿಸಾಕಿದ್ದನ್ನು ತಂದು, ಗಾಜಿನ ಬೀರುವಿನಲ್ಲಿ ಜೋಡಿಸಿ, ಲೋಕದಲ್ಲಿ ಇದೊಂದೇ ಇರುವುದು ಎಂದು ಹಿಗ್ಗುತ್ತಾನೆ. ಹಾಗೆ ನೋಡಿದರೆ ನಮ್ಮ ಯಜಮಾನರಂಥವರೂ ಲೋಕದಲ್ಲಿ ಒಬ್ಬರೇ ಇದ್ದರು. ಅವರನ್ನೇನು ನಾನು ಗಾಜಿನ ಬೀರುವಿನಲ್ಲಿ ಇಟ್ಟಿದ್ದೆನೇ?

ತಕರಾರು ಹುಟ್ಟಿದ್ದು ನವರಾತ್ರಿಯಲ್ಲಿ. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆ, ಮರದ ರಾಜಾರಾಣಿ, ವರ್ಷವಿಡೀ ನನ್ನ ಟ್ರಂಕಿನಲ್ಲಿ ಮಲಗಿರುತ್ತವೆ. ದಸರೆಗೂ ಕೂರಿಸದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಆ ಬೀರು ಬಿಟ್ಟರೆ ಮನೆಯಲ್ಲಿ ಜಾಗವಿಲ್ಲ. ಮಗ ಗೊಣಗಿ ಗೊಣಗಿ ಒಂದು ಖಾನೆ ಕೊಟ್ಟ, ಅದರಲ್ಲಿದ್ದ ಸೊಂಡಿಲು ತಿರುಚಿದ ಆನೆ ಕದಲಕೂಡದೆಂಬ ಷರತ್ತಿನ ಮೇಲೆ. ಇರಲಿ, ರಾಜನಿಗೊಂದು ಪಟ್ಟದಾನೆ ಆಯಿತೆಂದು ಅದರ ಹಣೆಗೂ ಕುಂಕುಮವಿಡಲು ಹೋದೆ. ರಘು ಕೈ ಹಿಡಿದುಕೊಂಡ.

"ಕಲೆಯಾದರೆ ಮುಗೀತು ಅಮ್ಮ. ಬೇರೆ ಸಿಗಲ್ಲ."

"ಗೊಂಬೆ ಅಂದ್ರೆ ಮಕ್ಕಳು ಎತ್ತಿ ಆಡೋದಕ್ಕೆ ಕಣೋ. ನೀನು ಅದಕ್ಕೆ ಮಡಿ ಉಡಿಸಿ ಕೂರಿಸಿದ್ದೀಯ," ಎಂದೆ. ಅವನ ಬಾಯಿ ಮುಚ್ಚಿಸಿದೆನೆಂದು ಆವತ್ತು ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಸಂಜೆ ಅರಿಸಿನ ಕುಂಕುಮಕ್ಕೆ ಮೇಲಿನ ಮಹಡಿಯ ಸುಮಿತ್ರಾ ಪುಟ್ಟ ಮಗಳೊಂದಿಗೆ ಬಂದಳು. ಹುಡುಗಿ ಸೀದಾ ಹೋಗಿ ಆನೆಯ ಸೊಂಡಿಲಿಗೆ ಕೈ ಹಾಕಿದಳು. ರಘು ಹೌಹಾರಿ ಬೇಡವೆಂದ. ಮಗು ಆನೆಯನ್ನು ಬಿಟ್ಟು ನನ್ನ ರಾಣಿಯ ಸೊಂಟ ಹಿಡಿದು ಎತ್ತಿತು. "ಮುಟ್ಟಬೇಡವೇ ಹುಡುಗಿ, ಇಡು ಕೆಳಗೆ" ಎಂದು ಗದರಿಸಿದ ಗಂಟಲು ಯಾರದೆಂದು ನೋಡಿದರೆ, ನನ್ನದೇ. ಮಗನದಕ್ಕಿಂತ ಎರಡು ಪಟ್ಟು ಜೋರು.

ಮಗು ರಾಣಿಯನ್ನು ಇಟ್ಟು, ರಘುವನ್ನೂ ನನ್ನನ್ನೂ ನೋಡಿ, ತಾಯಿಯನ್ನು ಕೇಳಿತು: "ಮಮ್ಮಿ, ಇವಕ್ಕೆಲ್ಲ ಬುಖಾರ್ ಇದೆಯಾ?" ಜ್ವರ ಬಂದವರನ್ನು ಮುಟ್ಟಬಾರದೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರಂತೆ.

ಸುಮಿತ್ರಾ ನಕ್ಕಳು. ನಾವಿಬ್ಬರೂ ನಗಲಿಲ್ಲ. ಅವರು ಹೋದ ಮೇಲೆ ರಘು ತಾನಾಗಿಯೇ ಕರಡಿ, ಮೊಲಗಳನ್ನು ಒತ್ತರಿಸಿ ನನಗೆ ಇನ್ನೊಂದು ಖಾನೆ ಬಿಟ್ಟುಕೊಟ್ಟ. ಅಮ್ಮನ ಮೇಲೆ ಮಮತೆ ಉಕ್ಕಿತೆಂದು ನೀವು ತಿಳಿಯಬೇಡಿ. ತನ್ನ ಜಾತಿಯವಳೊಬ್ಬಳು ಮನೆಯಲ್ಲೇ ಸಿಕ್ಕಿದಳಲ್ಲ, ಆ ಸಂತೋಷಕ್ಕೆ.